ಒಂದು ಬಾಂಬಿನ ಭಾರ: ವೈಮಾನಿಕ ಜಾರ್ಜ್ ಮೆಕ್‌ಗವರ್ನ್



ವೃತ್ತಿಯಿಂದ ವೈದ್ಯರಾದ ನಮ್ಮನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ, ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುತ್ತೇವೆಂದು ಹಲವರು ಎಣಿಸಿರಬಹುದು. ಹೋಳಿಗೆಯ ಊಟಕ್ಕೆ ಮುನ್ನ ಅಂಥ ಮಾತನ್ನಾಡುವುದು ಅಷ್ಟೇನೂ ಕ್ಷೇಮಕರವಲ್ಲ. ಆದುದರಿಂದ ಇಂದು ಇತಿಹಾಸದ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ದ್ವಿತೀಯ ಮಹಾಯುದ್ಧದಲ್ಲಿ ತನ್ನ 22ನೆಯ ವಯಸ್ಸಿನಲ್ಲಿ ಬಾಂಬರ್ ವಿಮಾನ ನಡೆಸಿದ ಒಬ್ಬ ತರುಣನ ಕಥೆ ಇದು.

ಈ ವಿಷಯಕ್ಕೆ ನಾವು ಬಂದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. 1990ರ ದಶಕದಲ್ಲಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದಾಗ ಕೆಲವು ತಿಂಗಳು ನಿವೃತ್ತ ಸೈನಿಕರ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಪ್ರಸಂಗ ಬಂದಿತು. ಎಪ್ಪತ್ತು ದಾಟಿದ ಆ ವೃದ್ಧರು ಹಗಲಿನಲ್ಲಿ ಹವಾಮಾನದ ಬಗೆಗೆ, ಮೊಮ್ಮಕ್ಕಳ ಬಗೆಗೆ, ಬೇಸ್‌ಬಾಲ್ ಆಟದ ಬಗೆಗೆ ನಗುತ್ತ ಮಾತನಾಡುತ್ತಿದ್ದರು. ರಾತ್ರಿಯ ಪಾಳಿಯಲ್ಲಿ ಅವರಲ್ಲೇ ಕೆಲವರು ನಿದ್ದೆಯಿಂದ ಕೂಗಿಕೊಂಡು ಏಳುತ್ತಿದ್ದರು. ನಾವು ನಿದ್ರೆಯ ಮಾತ್ರೆ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆವು. ಏನನ್ನು ಕಂಡು ಕೂಗಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಲು ಸಮಯವಿರಲಿಲ್ಲ ಎನ್ನುವುದು ಅರ್ಧ ನಿಜ. ಕೇಳಬೇಕೆಂದು ತೋಚಲೇ ಇಲ್ಲ ಎನ್ನುವುದು ಪೂರ್ಣ ನಿಜ. ಆ ವೃದ್ಧರು ಈಗಿಲ್ಲ. ಆ ಕೊರತೆಯೇ ನಮ್ಮನ್ನು ಅವರ ಕಾಲದ ಇತಿಹಾಸದ ಕಡೆಗೆ, ಅದರ ಮೂಲಕ ಜಾರ್ಜ್ ಮೆಕ್‌ಗವರ್ನ್ ಅವರ ಜೀವನದ ಕಡೆಗೆ ತಿರುಗಿಸಿತು.

ಮೆಕ್‌ಗವರ್ನ್ ಎಂದೊಡನೆ ಅಮೆರಿಕದ ಹಿರಿಯರಿಗೆ 1972ರ ಅಧ್ಯಕ್ಷೀಯ ಚುನಾವಣೆ ನೆನಪಾಗುತ್ತದೆ. ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ ರಿಚರ್ಡ್ ನಿಕ್ಸನ್ ಅವರೆದುರು 49 ರಾಜ್ಯಗಳಲ್ಲಿ ಸೋತವರು ಅವರು. ಗೆದ್ದದ್ದು ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಆ ಸೋಲಿನ ನೆರಳಿನಲ್ಲಿ ಅವರ ತಾರುಣ್ಯದ ಕಥೆ ಬಹುಕಾಲ ಮರೆಯಾಗಿಯೇ ಇತ್ತು.

ಅವರು ಹುಟ್ಟಿದ್ದು 1922ರ ಜುಲೈ 19ರಂದು, ದಕ್ಷಿಣ ಡಕೋಟಾ ರಾಜ್ಯದ ಏವನ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಅದೇ ರಾಜ್ಯದ ಮಿಚೆಲ್ ಪಟ್ಟಣದಲ್ಲಿ. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ, ಕಟ್ಟುನಿಟ್ಟಿನ ಮನೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಸೀಮೆಯ ರೈತರು ಬರದಿಂದಲೂ ಧೂಳಿನ ಬಿರುಗಾಳಿಯಿಂದಲೂ ತತ್ತರಿಸಿಹೋಗಿದ್ದರು. ಪಾದ್ರಿಗೆ ಹಣ ಕೊಡಲಾರದವರು ಆಲೂಗೆಡ್ಡೆ, ಎಲೆಕೋಸುಗಳನ್ನು ತಂದುಕೊಡುತ್ತಿದ್ದ ಕಾಲವದು. ನಮ್ಮ ಹಳ್ಳಿಗಳಲ್ಲಿ ಶಾನುಭೋಗರಿಗೋ ಪುರೋಹಿತರಿಗೋ ಕಣದ ಹೊತ್ತಿನಲ್ಲಿ ಕಾಳು ಅಳೆದು ಕೊಡುತ್ತಿದ್ದುದನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ.

ಬಾಲಕ ಜಾರ್ಜ್ ಸಂಕೋಚ ಸ್ವಭಾವದವರು. ಶಾಲೆಯ ವ್ಯಾಯಾಮದ ತರಗತಿಯಲ್ಲಿ ಮರದ ಕುದುರೆಯ ಮೇಲಿಂದ ಹಾರಲು ಹಿಂಜರಿದಾಗ ಅಧ್ಯಾಪಕರು ಎಲ್ಲರೆದುರಿಗೆ 'ಹೇಡಿ' ಎಂದರಂತೆ. ಆ ಮಾತು ಹುಡುಗನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮುಂದೆ ಡಕೋಟಾ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, ಸರಕಾರವು ವಿದ್ಯಾರ್ಥಿಗಳಿಗೆ ವಿಮಾನ ಚಾಲನೆ ಕಲಿಸುವ ಯೋಜನೆಯೊಂದನ್ನು ನಡೆಸುತ್ತಿತ್ತು. ಮೆಕ್‌ಗವರ್ನ್ ಅದಕ್ಕೆ ಸೇರಿದರು. ಹಾರಾಟದ ಮೇಲಿನ ಪ್ರೀತಿಗಿಂತ, ತಾನು ಹೇಡಿಯಲ್ಲವೆಂದು ತನಗೆ ತಾನೇ ತೋರಿಸಿಕೊಳ್ಳುವ ಹಟವೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಮೊದಲ ಹಾರಾಟಗಳಲ್ಲಿ ತಮಗೆ ಭಯವಾಗಿತ್ತೆಂದು ಅವರು ಯಾವತ್ತೂ ಬಚ್ಚಿಡಲಿಲ್ಲ.

1941ರ ಡಿಸೆಂಬರ್ 7ರ ಭಾನುವಾರ ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿಯಾಯಿತು. ಸಂಗೀತದ ಪಾಠಕ್ಕೆಂದು ರೇಡಿಯೋದಲ್ಲಿ ನ್ಯೂಯಾರ್ಕಿನ ವಾದ್ಯವೃಂದವನ್ನು ಆಲಿಸುತ್ತಿದ್ದ ಈ ವಿದ್ಯಾರ್ಥಿಗೆ ಸುದ್ದಿ ಮುಟ್ಟಿತು. ಗೆಳೆಯರೊಂದಿಗೆ ಒಮಾಹಾ ನಗರಕ್ಕೆ ಹೋಗಿ ಸೇನೆಯ ವಾಯುದಳಕ್ಕೆ ಹೆಸರು ಬರೆಸಿದರು. ಕರೆ ಬಂದದ್ದು 1943ರ ಫೆಬ್ರವರಿಯಲ್ಲಿ. ತರಬೇತಿಯ ನಡುವೆಯೇ, ಅದೇ ವರ್ಷದ ಅಕ್ಟೋಬರ್ 31ರಂದು, ಸಹಪಾಠಿ ಎಲೆನರ್ ಸ್ಟೆಗಬರ್ಗ್ ಅವರೊಂದಿಗೆ ವಿವಾಹವಾಯಿತು. ಮುಂದೆ ತಾವು ನಡೆಸಿದ ವಿಮಾನಕ್ಕೆ ಪತ್ನಿಯ ಗೌರವಾರ್ಥ 'ಡಕೋಟಾ ಕ್ವೀನ್', ಅಂದರೆ ಡಕೋಟಾದ ರಾಣಿ, ಎಂದು ಹೆಸರಿಟ್ಟರು.

ಆ ವಿಮಾನದ ವಿಚಾರ ಸ್ವಲ್ಪ ಹೇಳಬೇಕು. ಅದು ಬಿ-24 ಲಿಬರೇಟರ್. ನಾಲ್ಕು ಎಂಜಿನ್‌ಗಳು, 110 ಅಡಿ ಅಗಲದ ರೆಕ್ಕೆಗಳು, ಸಾಮಾನ್ಯವಾಗಿ ಹತ್ತು ಜನರ ತಂಡ. ಯುದ್ಧಕಾಲದಲ್ಲಿ ಇಂಥ 18 ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಡೆಟ್ರಾಯಿಟ್ ಬಳಿಯ ವಿಲೋ ರನ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಿಂದ ಒಂದು ಹಂತದಲ್ಲಿ ಗಂಟೆಗೊಂದರಂತೆ ಹೊರಬರುತ್ತಿದ್ದವು. ಇಂದು ನಾವು ಊರಿಗೆ ಹೋಗುವ ವಿಮಾನದ ಸುಖವನ್ನು ಅದರಲ್ಲಿ ಕಲ್ಪಿಸಿಕೊಳ್ಳಬಾರದು. ಒಳಗಿನ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆ ಇರಲಿಲ್ಲ. 20 ಸಾವಿರ ಅಡಿಗಿಂತ ಮೇಲೆ ಆಮ್ಲಜನಕದ ಮುಖವಾಡ ಕಳಚಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅದಕ್ಕೆ ಮುಂಚೆ ಮನುಷ್ಯನಿಗೆ ತಾನು ಬಹಳ ಚೆನ್ನಾಗಿದ್ದೇನೆಂಬ ಭ್ರಮೆ ಬರುವುದೇ ಆ ಸ್ಥಿತಿಯ ದೊಡ್ಡ ಅಪಾಯ. ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿ ಕಿತ್ತುಬರುತ್ತಿತ್ತು. ವಿಮಾನದ ನಿಯಂತ್ರಣ ಬಲು ಬಿರುಸು. ಒತ್ತೊತ್ತಾಗಿ ಹಾರುವ ಗುಂಪಿನಲ್ಲಿ ಗಂಟೆಗಟ್ಟಲೆ ತೋಳಿನ ಬಲದಿಂದಲೇ ಅದನ್ನು ಸಂಭಾಳಿಸಬೇಕಿತ್ತು.

1944ರ ಶರತ್ಕಾಲದಲ್ಲಿ ಮೆಕ್‌ಗವರ್ನ್ ಹಡಗಿನಲ್ಲಿ ಇಟಲಿಯ ನೇಪಲ್ಸ್ ಬಂದರನ್ನು ಮುಟ್ಟಿದರು. ದಡದಲ್ಲಿ ಹಸಿದ ಮಕ್ಕಳ ಗುಂಪು ಮಿಠಾಯಿಗಾಗಿ ಕೈಚಾಚಿ ಕೂಗುತ್ತಿತ್ತು. ಏನನ್ನೂ ಎಸೆಯಕೂಡದು, ಹಿಂದೊಮ್ಮೆ ಹೀಗೆ ಎಸೆದುದನ್ನು ಹಿಡಿಯಲು ನೀರಿಗೆ ಹಾರಿ ಮಕ್ಕಳು ಮುಳುಗಿದ್ದಾರೆ ಎಂದು ಹಡಗಿನ ಕಪ್ತಾನರು ಎಚ್ಚರಿಸಿದರು. ಯುದ್ಧದ ಮೊದಲ ಗುಂಡಿನ ಸದ್ದಿಗಿಂತ ಮುಂಚೆ ಅವರು ಕಂಡದ್ದು ಈ ಹಸಿವು. ಇದನ್ನು ಅವರು ಜೀವನದುದ್ದಕ್ಕೂ ನೆನೆಯುತ್ತಿದ್ದರು. ಶ್ರೋತೃಗಳು ಇದನ್ನು ಗಮನದಲ್ಲಿಡಬೇಕೆಂದು ಕೋರುತ್ತೇವೆ.

ಅವರ ನೆಲೆ ದಕ್ಷಿಣ ಇಟಲಿಯ ಚೆರಿನ್ಯೋಲ ಪಟ್ಟಣದ ಬಳಿಯ ವಿಮಾನಕ್ಷೇತ್ರ. ದಳ, ಹದಿನೈದನೆಯ ವಾಯುಸೇನೆಯ 455ನೆಯ ಬಾಂಬರ್ ಗುಂಪು. ವಾಸ ಗುಡಾರಗಳಲ್ಲಿ. ಗುರಿಗಳು ಆಲ್ಪ್ಸ್ ಪರ್ವತಗಳಾಚೆಯ ಜರ್ಮನಿ, ಆಸ್ಟ್ರಿಯ, ಚೆಕೊಸ್ಲೊವಾಕಿಯಗಳ ತೈಲ ಕಾರ್ಖಾನೆಗಳು, ರೈಲ್ವೆ ಅಂಗಳಗಳು, ಶಸ್ತ್ರಾಗಾರಗಳು. ತೈಲ ನಿಂತರೆ ಹಿಟ್ಲರನ ಟ್ಯಾಂಕುಗಳೂ ವಿಮಾನಗಳೂ ನಿಲ್ಲುತ್ತವೆಂಬುದು ಈ ದಾಳಿಗಳ ತರ್ಕ. ಒಬ್ಬ ವೈಮಾನಿಕ 35 ದಾಳಿಗಳನ್ನು ಪೂರೈಸಿದರೆ ಮನೆಗೆ ಮರಳಬಹುದಿತ್ತು. ನವೆಂಬರಿನಲ್ಲಿ ಐದು ಬಾರಿ ಸಹಚಾಲಕರಾಗಿ ಹಾರಿದ ಮೆಕ್‌ಗವರ್ನ್ ಡಿಸೆಂಬರಿನಲ್ಲಿ ಮುಖ್ಯ ಚಾಲಕರಾದರು. ಹತ್ತು ಜೀವಗಳ ಹೊಣೆ 22 ವರ್ಷದ ಯುವಕನ ಮೇಲೆ ಬಿತ್ತು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಕ್ಕಳಿಗೆ ದೂರದೂರಿಗೆ ಕಾರು ಕೊಡುವಾಗ ನಾವೆಷ್ಟು ಯೋಚಿಸುತ್ತೇವೆ!

ಆ ಡಿಸೆಂಬರಿನ ಒಂದೇ ವಾರದಲ್ಲಿ ಮೃತ್ಯು ಅವರನ್ನು ಹಲವು ಬಾರಿ ಸವರಿ ಹೋಯಿತು. 15ರಂದು ಲಿನ್ಸ್ ನಗರದ ಮೇಲೆ ಫಿರಂಗಿಯ ಸಿಡಿಚೂರೊಂದು ಗಾಜು ಒಡೆದು ನುಗ್ಗಿ ಕೆಲವೇ ಅಂಗುಲಗಳಲ್ಲಿ ತಪ್ಪಿತು. ಮರುದಿನ ಮೋಡದೊಳಗೆ ಇನ್ನೊಂದು ಬಾಂಬರಿಗೆ ಡಿಕ್ಕಿಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅದರ ಮರುದಿನ ಮೇಲೇರುವಾಗಲೇ ಗಾಲಿ ಸಿಡಿಯಿತು. ಆದರೂ ಗುರಿಯವರೆಗೆ ಹೋಗಿ ಬಂದು ಸುರಕ್ಷಿತವಾಗಿ ಇಳಿಸಿದರು. 20ರಂದು ಪಿಲ್ಸೆನ್‌ನ ಸ್ಕೋಡಾ ಶಸ್ತ್ರಾಗಾರದ ದಾಳಿಯಲ್ಲಿ ಒಂದು ಎಂಜಿನ್ ನಿಂತುಹೋಯಿತು, ಇನ್ನೊಂದಕ್ಕೆ ಬೆಂಕಿ ಹತ್ತಿತು. ಇಟಲಿಯ ನೆಲೆ ತಲಪುವುದು ಅಸಾಧ್ಯವೆಂದರಿತು, ಏಡ್ರಿಯಾಟಿಕ್ ಸಮುದ್ರದ ವಿಸ್ ಎಂಬ ಪುಟ್ಟ ದ್ವೀಪದ ಕಡೆ ತಿರುಗಿದರು. ಅಲ್ಲಿನ ಓಡುದಾರಿ ಸಣ್ಣ ಯುದ್ಧವಿಮಾನಗಳಿಗೆಂದು ಮಾಡಿದ್ದು. ಇಳಿಯಲೆತ್ನಿಸಿದ ಎಷ್ಟೋ ಬಾಂಬರುಗಳು ನಾಶವಾಗಿದ್ದವು. ಮೆಕ್‌ಗವರ್ನ್ ಇಳಿಸಿದರು. ತಂಡದ ಎಲ್ಲರೂ ಬದುಕಿದರು. ಈ ಸಾಹಸಕ್ಕಾಗಿ ಅವರಿಗೆ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ದೊರೆಯಿತು.

ಪದಕಗಳ ಮಗ್ಗುಲಲ್ಲೇ ಮರಣಗಳೂ ಇದ್ದವು. ಅವರ ವಿಮಾನದ ದಾರಿಗಾರನೂ ಆಪ್ತಮಿತ್ರನೂ ಆಗಿದ್ದ ತರುಣನೊಬ್ಬ, ತನಗೆ ಕಡಿಮೆಯಾಗಿದ್ದ ದಾಳಿಗಳ ಲೆಕ್ಕ ತುಂಬಲು ಬೇರೆ ತಂಡದೊಂದಿಗೆ ಹಾರಿದವನು ಮರಳಲಿಲ್ಲ.

ಈಗ 1945ರ ಮಾರ್ಚ್ 14ಕ್ಕೆ ಬರೋಣ. ಅಂದಿನ ದಾಳಿಯಲ್ಲಿ 500 ಪೌಂಡಿನ ಒಂದು ಬಾಂಬು ಬೀಳದೆ ವಿಮಾನದ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತು. ಅದನ್ನಿಟ್ಟುಕೊಂಡು ಇಳಿಯುವುದೆಂದರೆ ಹತ್ತು ಜನರ ಮರಣ. ಗುಂಪಿನಿಂದ ಬೇರ್ಪಟ್ಟು, ಎತ್ತರ ತಗ್ಗಿಸಿ, ಆಸ್ಟ್ರಿಯದ ಬಯಲಿನ ಮೇಲೆ ಹಾರುತ್ತಿರುವಾಗ ಸಂಗಡಿಗರು ಅದನ್ನು ಬಿಡಿಸಲು ಹೆಣಗಿದರು. ಕೊನೆಗೆ ಅದು ತಾನಾಗಿ ಕಳಚಿತು. ಕೆಳಗೆ ನೋಡುತ್ತಿದ್ದಂತೆಯೇ ಅದು ನೇರವಾಗಿ ಒಂದು ಒಂಟಿ ತೋಟದ ಮನೆಯ ಮೇಲೆ ಬಿದ್ದು, ಮನೆ, ಕೊಟ್ಟಿಗೆ ಎಲ್ಲ ಧೂಳಾಯಿತು. ಮೆಕ್‌ಗವರ್ನ್ ಗಡಿಯಾರ ನೋಡಿಕೊಂಡರು. ನಡುಮಧ್ಯಾಹ್ನ. ರೈತರ ನಾಡಿನಲ್ಲಿ ಬೆಳೆದವರಿಗೆ ಅದರ ಅರ್ಥವನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಹೊಲದಿಂದ ಬಂದು ಮನೆಮಂದಿಯೆಲ್ಲ ಊಟಕ್ಕೆ ಕೂರುವ ಹೊತ್ತು ಅದು.

ನೆಲೆಗೆ ಮರಳಿದಾಗ ಸಂತೋಷದ ಸಂದೇಶವೊಂದು ಕಾದಿತ್ತು. ನಾಲ್ಕು ದಿನಗಳ ಹಿಂದೆ ಮೊದಲ ಮಗಳು ಹುಟ್ಟಿದ್ದಳು. ತಾನು ತಂದೆಯಾದ ಸುದ್ದಿ ಬಂದ ದಿನವೇ ಯಾರದೋ ಮಕ್ಕಳನ್ನು ಕೊಂದೆನೆಂಬ ಭಾವನೆ ಅವರೊಳಗೆ ನೆಟ್ಟುಹೋಯಿತು.

ಏಪ್ರಿಲ್ 25ರಂದು, ಮತ್ತೆ ಲಿನ್ಸ್ ನಗರದ ಮೇಲೆ, 35ನೆಯ ಹಾಗೂ ಕೊನೆಯ ದಾಳಿ. ವಿಮಾನಕ್ಕೆ 110 ತೂತುಗಳಾದವು. ಗಾಲಿ ತಡೆಯುವ ವ್ಯವಸ್ಥೆ ಕೆಟ್ಟಿತು. ಒಬ್ಬ ಬಂದೂಕುಗಾರನಿಗೆ ಗಾಯವಾಯಿತು. ಇಳಿಯುವಾಗ ವೇಗ ತಗ್ಗಿಸಲು ಪ್ಯಾರಾಚೂಟುಗಳನ್ನೇ ಹೊರಗೆ ಬಿಚ್ಚಿ ವಿಮಾನವನ್ನು ನಿಲ್ಲಿಸಿದರು. ತಂಡದ ಎಂಜಿನಿಯರ್ ಶರೀರಕ್ಕೆ ಗಾಯವಿಲ್ಲದಿದ್ದರೂ ಮನಸ್ಸು ಕದಡಿ ಆಸ್ಪತ್ರೆ ಸೇರಬೇಕಾಯಿತು. ವೈದ್ಯರಾಗಿ ನಾವು ಈ ವಿವರವನ್ನು ಬಿಡಲಾರೆವು. ಕಣ್ಣಿಗೆ ಕಾಣದ ಗಾಯವೂ ಗಾಯವೇ. ಮೆಕ್‌ಗವರ್ನ್ ಅವರಿಗೂ ಮನೆಗೆ ಮರಳಿದ ಮೇಲೆ, ವಿಮಾನಕ್ಕೆ ಬೆಂಕಿ ಹತ್ತಿದ ಕನಸುಗಳು ಬೀಳುತ್ತಿದ್ದವು.

ಯುರೋಪಿನಲ್ಲಿ ಯುದ್ಧ ಮುಗಿದ ಮೇಲೆ, ಬಾಂಬು ಹೊತ್ತ ವಿಮಾನಗಳಲ್ಲಿಯೇ ಉಳಿದ ಆಹಾರ ಸಾಮಗ್ರಿಯನ್ನು ತುಂಬಿ ಟ್ರಿಯೆಸ್ಟ್ ಪ್ರದೇಶದ ಹಸಿದ ಜನರಿಗೆ ಮುಟ್ಟಿಸುವ ಕೆಲಸ ಇವರ ಪಾಲಿಗೆ ಬಂದಿತು. ಕೆಲವು ವಾರಗಳ ಈ ಕೆಲಸ ಅವರ ಮುಂದಿನ ಬಾಳಿನ ದಿಕ್ಕನ್ನು ಸೂಚಿಸಿತೆಂದು ನಮ್ಮ ಭಾವನೆ.

ಮುಂದಿನ ಕಥೆಯನ್ನು ಸಂಕ್ಷೇಪಿಸುತ್ತೇವೆ. ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದು ಅಧ್ಯಾಪಕರಾದರು. ಬಳಿಕ ರಾಜಕೀಯಕ್ಕೆ ಬಂದರು. 1961ರಲ್ಲಿ ಅಧ್ಯಕ್ಷ ಕೆನಡಿಯವರು ಅವರನ್ನು 'ಶಾಂತಿಗಾಗಿ ಆಹಾರ' ಕಾರ್ಯಕ್ರಮದ ನಿರ್ದೇಶಕರನ್ನಾಗಿ ನೇಮಿಸಿದರು. ಅದೇ ವರ್ಷ ರೋಮ್ ನಗರದ ಸಭೆಯಲ್ಲಿ ಅವರು ಮುಂದಿಟ್ಟ ಸಲಹೆ ವಿಶ್ವ ಆಹಾರ ಕಾರ್ಯಕ್ರಮದ ಹುಟ್ಟಿಗೆ ಕಾರಣವಾಯಿತು.

ಇಲ್ಲಿಗೆ ಬಂದಾಗ ಕಥೆ ನಮ್ಮ ಮನೆಯ ಹೊಸ್ತಿಲಿಗೇ ಬಂದಂತೆ. ಈ ಕಾರ್ಯಕ್ರಮದ ಹಿಂದಿದ್ದ 1954ರ ಶಾಸನವೇ 'ಪಿ.ಎಲ್. 480'. ಈ ಹೆಸರು ನಮ್ಮ ತಂದೆತಾಯಿಯರ ತಲೆಮಾರಿಗೆ ಬಾಯಿಪಾಠ. 1960ರ ದಶಕದಲ್ಲಿ ಅಮೆರಿಕದ ಗೋಧಿ ಹಡಗುಗಳಲ್ಲಿ ಭಾರತಕ್ಕೆ ಬಂದಿತು. ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಕೇರ್ ಸಂಸ್ಥೆಯ ನೆರವಿನಿಂದ ಮಕ್ಕಳಿಗೆ ಕೊಡುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು, ಇವುಗಳ ರುಚಿಯನ್ನು ಈ ಸಭೆಯ ಹಿರಿಯರಲ್ಲಿ ಹಲವರು ಇಂದಿಗೂ ಮರೆತಿರಲಾರರು. ಆ ನೆರವಿನಲ್ಲಿ ಅಮೆರಿಕದ ಸ್ವಾರ್ಥ ಇರಲಿಲ್ಲವೆಂದಲ್ಲ. ಮಾರಾಟವಾಗದೆ ಉಳಿದ ಧಾನ್ಯ ಅವರಿಗೂ ತಲೆನೋವಾಗಿತ್ತು. 1965ರ ನಂತರದ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಅವರು ಗೋಧಿಯನ್ನು ಅಳೆದು ತೂಗಿ ಕಳಿಸಿದ್ದು ನಮ್ಮ ದೇಶದ ಸ್ವಾಭಿಮಾನಕ್ಕೆ ಪೆಟ್ಟು ಕೊಟ್ಟಿತು. ನಮ್ಮಲ್ಲಿ 'ಕಾಂಗ್ರೆಸ್ ಗಿಡ' ಎನ್ನುವ ಕಳೆಯೂ ಆ ಗೋಧಿಯೊಡನೆ ಬಂದಿತೆಂದು ಜನ ನಂಬುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೂ, ಮಧ್ಯಾಹ್ನ ಹಸಿದ ಮಗುವಿನ ತಟ್ಟೆಗೆ ಬಿದ್ದ ಉಪ್ಪಿಟ್ಟು ಸುಳ್ಳಲ್ಲ. ನೇಪಲ್ಸ್ ದಡದ ಮಕ್ಕಳನ್ನು ಮರೆಯದ ಒಬ್ಬ ವೈಮಾನಿಕ, ಆ ಕಾರ್ಯಕ್ರಮದ ಆರಂಭದ ದಿನಗಳಲ್ಲಿ ಅದನ್ನು ನಡೆಸಿದವರಲ್ಲೊಬ್ಬ.

ಸೆನೆಟ್ ಸದಸ್ಯರಾಗಿ ಅವರು ವಿಯಟ್ನಾಂ ಯುದ್ಧವನ್ನು 1963ರಷ್ಟು ಮುಂಚೆಯೇ ಟೀಕಿಸಿದರು. ಆದರೂ 1964ರಲ್ಲಿ ಜಾನ್ಸನ್ ಅವರಿಗೆ ಯುದ್ಧಾಧಿಕಾರ ಕೊಟ್ಟ ಟಾಂಕಿನ್ ಕೊಲ್ಲಿಯ ನಿರ್ಣಯಕ್ಕೆ ಮತ ಹಾಕಿದರು. ಅದು ತಮ್ಮ ತಪ್ಪೆಂದು ಮುಂದೆ ಒಪ್ಪಿಕೊಂಡರು. 1972ರ ಚುನಾವಣೆಯಲ್ಲಿ ಎದುರಾಳಿಗಳು ಅವರನ್ನು ದೇಶರಕ್ಷಣೆಯ ವಿಷಯದಲ್ಲಿ ದುರ್ಬಲರೆಂದು ಚಿತ್ರಿಸಿದರು. 35 ದಾಳಿಗಳ ವೀರ, ಎದೆಯ ಮೇಲೆ ಪದಕವಿದ್ದವರು, ಒಂದು ಮಾತಿನಿಂದ ಆ ಬಾಯಿಗಳನ್ನು ಮುಚ್ಚಿಸಬಹುದಿತ್ತು. ಅವರು ತಮ್ಮ ಯುದ್ಧಸೇವೆಯನ್ನು ಮತಯಾಚನೆಯ ಬಂಡವಾಳ ಮಾಡಿಕೊಳ್ಳಲಿಲ್ಲ.

ಆದರೆ ತಮ್ಮ ತಪ್ಪೆಂದು ನಂಬಿದ್ದುದನ್ನು ಅವರು ಸಾರ್ವಜನಿಕವಾಗಿ ಹೇಳಿಕೊಂಡರು. ಯುದ್ಧ ಮುಗಿದು ನಲವತ್ತು ವರ್ಷಗಳಾದ ಮೇಲೆ, ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕ್ಕೆ ಹೋಗಿದ್ದಾಗ, ಆ ದೇಶದ ದೂರದರ್ಶನದವರು ಸಂದರ್ಶನ ನಡೆಸಿದರು. ನಮ್ಮ ಸುಂದರ ನಗರಗಳ ಮೇಲೆ ಬಾಂಬು ಹಾಕಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂಬ ಪ್ರಶ್ನೆ ಬಂದಿತು. ಹಿಟ್ಲರನನ್ನು ಸೋಲಿಸುವುದು ಅನಿವಾರ್ಯವಾಗಿತ್ತು, ಆ ಯುದ್ಧಕ್ಕೆ ತಾನು ವಿಷಾದಿಸಲಾರೆ ಎಂದ ಅವರು, ಒಂದೇ ಒಂದು ಬಾಂಬನ್ನು ಮಾತ್ರ ಮರಳಿ ಪಡೆಯಲು ಸಾಧ್ಯವಿದ್ದರೆ ಎಂದು ಆ ತೋಟದ ಮನೆಯ ಕಥೆ ಹೇಳಿದರು.

ಕಾರ್ಯಕ್ರಮ ಪ್ರಸಾರವಾದ ಮೇಲೆ ಒಬ್ಬ ವೃದ್ಧ ರೈತ ದೂರದರ್ಶನ ಕೇಂದ್ರಕ್ಕೆ ಫೋನು ಮಾಡಿದ. ಅದು ನನ್ನ ಮನೆ, ಎಂದ. ಒಂಟಿ ವಿಮಾನ ತಗ್ಗಿನಲ್ಲಿ ಬರುವುದನ್ನು ಕಂಡು, ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಹೊರಗೆ ಕರೆತಂದು ಹಳ್ಳದಲ್ಲಿ ಅಡಗಿಸಿದ್ದನಂತೆ. ಯಾರಿಗೂ ಏನೂ ಆಗಿರಲಿಲ್ಲ. ಆತ ಹಿಟ್ಲರನನ್ನು ದ್ವೇಷಿಸಿದವನು. ನನ್ನ ಮನೆ ಹೋದುದರಿಂದ ಯುದ್ಧ ಒಂದು ನಿಮಿಷ ಬೇಗ ಮುಗಿದಿದ್ದರೂ ಸಾರ್ಥಕವೆಂದು ಅಂದೇ ಅಂದುಕೊಂಡೆ, ಎಂದು ತಿಳಿಸಿದ. ನಲವತ್ತು ವರ್ಷ ಹೊತ್ತ ಹೊರೆ ಮೆಕ್‌ಗವರ್ನ್ ಅವರ ಹೆಗಲಿನಿಂದ ಆ ದಿನ ಇಳಿಯಿತು.

ಕಥೆ ಇಲ್ಲಿ ಸುಖಾಂತವಾಯಿತೆಂದು ಚಪ್ಪಾಳೆ ತಟ್ಟಿ ಏಳಬಹುದು. ಆದರೆ ಹಾಗೆ ಮಾಡಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಅಂದು ಆ ಒಂದು ಮನೆಯವರು ಬದುಕಿದರು. ರೈಲ್ವೆ ಅಂಗಳಗಳ ಪಕ್ಕದ ಬೀದಿಗಳಲ್ಲಿ, ಗುರಿ ತಪ್ಪಿಯೂ ಗುರಿ ಹಿಡಿದೂ ಬಿದ್ದ ಬಾಂಬುಗಳಿಂದ ಸತ್ತ ಎಷ್ಟೋ ಮಂದಿಯ ಪರವಾಗಿ ಯಾರೂ ಫೋನು ಮಾಡಲಿಲ್ಲ. ನ್ಯಾಯವಾದ ಯುದ್ಧದಲ್ಲಿಯೂ ನಿರಪರಾಧಿಗಳು ಸಾಯುತ್ತಾರೆ. ನ್ಯಾಯವೆಂಬ ಕಾರಣಕ್ಕೆ ಆ ಸಾವು ಸಾವಲ್ಲವೆಂದಾಗುವುದಿಲ್ಲ. ಮೆಕ್‌ಗವರ್ನ್ ಈ ಎರಡು ಸತ್ಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಿಲ್ಲ. ಅವರ ದೊಡ್ಡತನವನ್ನು ನಾವು ಕಾಣುವುದು ವಿಸ್ ದ್ವೀಪದ ಓಡುದಾರಿಗಿಂತ ಹೆಚ್ಚಾಗಿ ಇಲ್ಲಿಯೇ.

ನಮ್ಮ ವೃತ್ತಿಯಲ್ಲಿಯೂ ಇದಕ್ಕೆ ಹತ್ತಿರದ ಅನುಭವವುಂಟು. ಕರ್ತವ್ಯ ಮಾಡುತ್ತಿರುವಾಗಲೇ ಕೈ ತಪ್ಪುತ್ತದೆ. ಎಲ್ಲ ವೈದ್ಯರ ಮನಸ್ಸಿನ ಮೂಲೆಯಲ್ಲೂ ಮರೆಯಲಾರದ ಒಂದು ಮುಖವಿರುತ್ತದೆ, ನಮಗೂ ಇದೆ. ಹೇಳಿಕೊಳ್ಳಲು ಬೇಕಾದ ಧೈರ್ಯ, ಶಸ್ತ್ರಚಿಕಿತ್ಸೆಗೆ ಬೇಕಾದ ಧೈರ್ಯಕ್ಕಿಂತ ಬೇರೆ ಜಾತಿಯದು. ಮರದ ಕುದುರೆ ಹಾರದ ಹುಡುಗನನ್ನು ಹೇಡಿ ಎಂದ ಅಧ್ಯಾಪಕರಿಗೆ ಧೈರ್ಯದ ಒಂದೇ ಜಾತಿ ಗೊತ್ತಿತ್ತು.

ಮೆಕ್‌ಗವರ್ನ್ 1998ರಲ್ಲಿ ರೋಮ್ ನಗರಕ್ಕೆ ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ರಾಯಭಾರಿಯಾಗಿ ಮರಳಿದರು. ಇಟಲಿಯ ಅದೇ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡಿದ್ದ, ಎದುರು ಪಕ್ಷದ ಸೆನೆಟರ್ ಬಾಬ್ ಡೋಲ್ ಅವರೊಡನೆ ಸೇರಿ ಬಡ ದೇಶಗಳ ಶಾಲಾ ಮಕ್ಕಳಿಗೆ ಊಟ ಕೊಡುವ ಯೋಜನೆಯನ್ನು ಮುಂದಿಟ್ಟರು. 2002ರಲ್ಲಿ ಅದು ಇಬ್ಬರ ಹೆಸರಿನಲ್ಲೇ ಶಾಸನವಾಯಿತು. 2008ರಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. 2012ರ ಅಕ್ಟೋಬರ್ 21ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ದಕ್ಷಿಣ ಡಕೋಟಾದಲ್ಲಿಯೇ ಮೆಕ್‌ಗವರ್ನ್ ಕಣ್ಮುಚ್ಚಿದರು.

ಕೊನೆಯದಾಗಿ ಇಲ್ಲಿರುವ ಮಕ್ಕಳಿಗೆ ಒಂದು ಮಾತು. ಆ ಯುದ್ಧ ಕಂಡವರು ಈಗ ತೀರ ವಿರಳ. ಆದರೆ ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದಾರೆ. ಬರಗಾಲ ಕಂಡವರು, ಶಾಲೆಯ ಉಪ್ಪಿಟ್ಟು ತಿಂದವರು. ನೆರೆಮನೆಯಲ್ಲಿ ವಿಯಟ್ನಾಮಿನಿಂದಲೋ ಇರಾಕಿನಿಂದಲೋ ಮರಳಿ ಬಂದವರು ಇರಬಹುದು. ಅವರ ಬಳಿ ಕುಳಿತು ಕೇಳಿ. ನಾವು ಆ ರಾತ್ರಿಗಳಲ್ಲಿ ಕೇಳದೆ ಮುಂದಿನ ಹಾಸಿಗೆಗೆ ಹೋದೆವು. ನೀವು ಹಾಗೆ ಹೋಗಬೇಡಿ.